ಬೆನ್ನು ಹಾಕಿ ನಿಂತವಳು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮೇಲಿನಪೇಟೆಗೆ ಹತ್ತುವ ರಸ್ತೆಯಲ್ಲಿ, ಟೈಲರ್ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತೆ ಒಂದು ಬಾಡಿಗೆ ಪುಸ್ತಕದ ಲೈಬ್ರರಿ ಇತ್ತು. ಅದನ್ನು ನಡೆಸುತ್ತಿದ್ದವಳು ಅಂಬುಜಾಕ್ಷಿ. ಪುಸ್ತಕ ವಾಪಸು ಕೊಡಲು ಬಂದವರು ಅವಳಿಂದ ಬೈಸಿಕೊಳ್ಳದೆ ಹೋದದ್ದು ಕಡಿಮೆ. ಪುಟದ ಮೂಲೆ ಮಡಚಿದ್ದರೆ ಬೈಗುಳ, ಸಾರಿನ ಕಲೆಯಾಗಿದ್ದರೆ ಬೈಗುಳ, ಕೊಲೆಗಾರ ಯಾರೆಂದು ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟ ಪುಣ್ಯಾತ್ಮನಿಗಂತೂ ಸದಸ್ಯತ್ವವೇ ರದ್ದು. ಆದರೂ ಜನ ಬರುತ್ತಿದ್ದರು. ಟೀವಿಯಲ್ಲಿ ಧಾರಾವಾಹಿ ಶುರುವಾದ ಮೇಲೆ ಕಡಿಮೆಯಾದರು, ಕೇಬಲ್ ಬಂದ ಮೇಲೆ ಇನ್ನೂ ಕಡಿಮೆಯಾದರು, ಎರಡು ಸಾವಿರದ ನಾಲ್ಕರ ಹೊತ್ತಿಗೆ ಬೈಸಿಕೊಳ್ಳಲೂ ಯಾರೂ ಉಳಿಯಲಿಲ್ಲ.

ಅವಳಿಗೆ ಆಗ ಐವತ್ತರ ಆಸುಪಾಸು. ಲೈಬ್ರರಿ ಶುರುಮಾಡಿದ್ದು ಅಪ್ಪ. ಅಪ್ಪ ತೀರಿಕೊಂಡ ಮೇಲೂ ಅದೇ ಕೌಂಟರು, ಅದೇ ಸ್ಟೂಲು, ಹಿಂದುಗಡೆ ಅದೇ ಒಂದು ಕೋಣೆ, ಅಡುಗೆಮನೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಕೊಪ್ಪದಲ್ಲಿ ಬರವಿರಲಿಲ್ಲ, ಅವಳೂ ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟು ಕಳಿಸುತ್ತಿದ್ದಳು. ನಿಜವಾದ ಉತ್ತರ ಬಹಳ ಸಪ್ಪೆ. ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರು, ಮತ್ತೆ ಸುದ್ದಿಯಿಲ್ಲ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು. ಅಮ್ಮನ ಆರೈಕೆ ಮುಗಿಯುವ ಹೊತ್ತಿಗೆ ನೋಡಲು ಬರುವವರೂ ಮುಗಿದಿದ್ದರು. ಶೃಂಗೇರಿ ಹತ್ತಿರ ಅಡ್ಡಗದ್ದೆಗೆ ಮದುವೆಯಾಗಿ ಹೋದ ಅಕ್ಕ ಸೀತಕ್ಕ ಫೋನು ಮಾಡಿದಾಗಲೆಲ್ಲ, "ಆ ಅಂಗಡಿಗೆ ಬೀಗ ಜಡ್ದು ಬಾರೆ, ಇಲ್ಲಿ ಎಲ್ಲರ ಜೊತೆ ಇರ್ಲಕ್ಕು" ಅನ್ನುತ್ತಿದ್ದಳು. ಕೊನೆಗೆ ಅಂಬುಜಾಕ್ಷಿ ಒಪ್ಪಿದಳು. ಯುಗಾದಿ ಕಳೆದ ಮೇಲೆ ಲೈಬ್ರರಿ ಮುಚ್ಚುವುದೆಂದಾಯಿತು. ಅಡ್ಡಗದ್ದೆಯ ಮನೆಯಲ್ಲಿ ಅವಳಿಗೆ ಕಾದಿದ್ದದ್ದು ಅಡುಗೆಮನೆ ಪಕ್ಕದ ಒಂದು ಮಂಚ ಮತ್ತು ಚಿಕ್ಕಮ್ಮ ಎಂಬ ಹುದ್ದೆ.

ಹೊರಡುವಾಗ ಬಿಟ್ಟುಹೋಗಲು ಹೊಟ್ಟೆಯುರಿಯುವಂಥದ್ದು ಅಂಗಡಿಯಲ್ಲಿ ಒಂದೇ ಇತ್ತು. ಕೌಂಟರಿನ ಬಲಗಡೆಯ ಕಪಾಟಿನಲ್ಲಿ ಒಂದು ಸಾಲು ಹಳೆಯ ಪಾಕೆಟ್ ಬುಕ್ಕುಗಳು. ಬೆಂಗಳೂರಿನ ಯಾವುದೋ ಕಂಪನಿ ಎಪ್ಪತ್ತರ ಆಸುಪಾಸಿನಲ್ಲಿ ಅಚ್ಚುಹಾಕಿದ ವೈಜ್ಞಾನಿಕ ಕಾದಂಬರಿಗಳು. ಕಥೆಗಳು ಹೇಳಿಕೊಳ್ಳುವಂಥವಲ್ಲ. ರಾಕೆಟ್ಟು ಹೊರಡುತ್ತದೆ, ಕೆಟ್ಟುಹೋಗುತ್ತದೆ, ಯಾರೋ ಒಬ್ಬ ವಿಜ್ಞಾನಿ ಹುಚ್ಚನಾಗುತ್ತಾನೆ. ಆದರೆ ಮುಖಪುಟ! ಕೆಂಪು ನೆಲ, ಕಪ್ಪು ನೀಲಿ ಆಕಾಶ, ಎರಡೋ ಮೂರೋ ಚಂದ್ರ, ಹಿಂದೆ ಒಂದು ರಾಕೆಟ್ಟು. ಆ ನೆಲದ ಅಂಚಿನಲ್ಲಿ ಗಾಜಿನ ಬುರುಡೆ ತಲೆಗೆ ಹಾಕಿಕೊಂಡ ಒಬ್ಬಳು ಹೆಂಗಸು, ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಗಾಜಿನೊಳಗೆ ಅವಳ ಜಡೆ ಕಾಣುತ್ತದೆ, ಜಡೆಯಲ್ಲಿ ಒಂದು ಮೊಳ ಅಬ್ಬಲಿಗೆ ಹೂವು. ಉಸಿರಾಡಲು ಗಾಳಿಯಿಲ್ಲದ ಕಡೆ ಹೂವು ಮುಡಿದುಕೊಂಡು ಹೋದ ಗಟ್ಟಿಗಿತ್ತಿ. ಪುಸ್ತಕ ಬದಲಾದರೆ ಚಂದ್ರನ ಲೆಕ್ಕ ಬದಲಾಗುತ್ತಿತ್ತು, ಅವಳು ಬದಲಾಗುತ್ತಿರಲಿಲ್ಲ.

ಮೊದಲನೆಯದು ಅಂಗಡಿಗೆ ಬಂದಾಗ ಅಂಬುಜಾಕ್ಷಿ ಇನ್ನೂ ಲಂಗ ದಾವಣಿಯ ಹುಡುಗಿ. ಅವತ್ತು ಬೆಳಿಗ್ಗೆ ತಾನೇ ಒಂದು ಗಂಡಿನ ಕಡೆಯವರು 'ಆಮೇಲೆ ತಿಳಿಸ್ತೇವೆ' ಅಂದು ಹೋಗಿದ್ದರು. ಪುಸ್ತಕದ ಪೊಟ್ಟಣ ಬಿಚ್ಚಿದಾಗ ಮುಖಪುಟದ ಮೇಲೆ ಇವಳು ಸಿಕ್ಕಳು. ಹುಡುಗಿ ಬಹಳ ಹೊತ್ತು ನೋಡಿದಳು. ಇವಳಿಗೆ ಮುಖ ತೋರಿಸುವ ಗರಜಿಲ್ಲ, ಯಾರು ತಿಳಿಸುವುದನ್ನೂ ಇವಳು ಕಾಯುತ್ತಿಲ್ಲ, ಆದರೂ ಎಷ್ಟು ಒಂಟಿ ಅನ್ನಿಸಿತು. ಈ ಚಿತ್ರ ಬರೆದವರಿಗೆ ಒಬ್ಬರೇ ಇರುವುದೆಂದರೆ ಏನೆಂದು ಗೊತ್ತಿದೆ ಅನ್ನಿಸಿತು. ಆವತ್ತಿನಿಂದ ಆ ಸಾಲು ಅವಳ ಪಾಲಿಗೆ ನೆಂಟರಿದ್ದ ಹಾಗೆ. ಬೇಜಾರಾದಾಗ ಒಂದನ್ನು ತೆಗೆದು ಕೌಂಟರಿನ ಮೇಲೆ ಒರಗಿಸಿಟ್ಟುಕೊಳ್ಳುತ್ತಿದ್ದಳು. ಗಿರಾಕಿ ಬಂದರೆ ಮಗುಚಿಡುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಮುಗಿದ ವಾರ ಶಶಿಕಿರಣ ಅಂತ ಒಬ್ಬ ಬಂದ. ಶಿವಮೊಗ್ಗದ ಕಡೆ ಯಾವುದೋ ಕಾಲೇಜಿನಲ್ಲಿ ಮೇಷ್ಟ್ರು, ಒಳ್ಳೆಯ ಮಾತುಗಾರ. ಹಳೆಯ ಕನ್ನಡ ವೈಜ್ಞಾನಿಕ ಕಾದಂಬರಿಗಳ ಮುಖಪುಟಗಳನ್ನೆಲ್ಲ ಒಟ್ಟುಮಾಡಿ, ಬರೆದ ಕಲಾವಿದರ ಹೆಸರು ಹುಡುಕಿ, ಒಂದು ಪ್ರದರ್ಶನ ಮಾಡುವುದು ಅವನ ಹುಚ್ಚು. ಲೈಬ್ರರಿ ಮುಚ್ಚುತ್ತದೆಂದು ಕೇಳಿ ಬಂದಿದ್ದ. ಸಾಲು ನೋಡಿದವನೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಇದೆಲ್ಲ ಯಾರು ಬರೆದದ್ದು ಮೇಡಂ?"

ಅಂಬುಜಾಕ್ಷಿ ಲೇಖಕರ ಹೆಸರು ತೋರಿಸಿದಳು.

"ಕಥೆ ಅಲ್ಲ, ಚಿತ್ರ."

ಒಳಗಿನ ಪುಟದಲ್ಲಿ 'ಮುಖಪುಟ: ನಮ್ಮ ಕಲಾ ವಿಭಾಗ' ಎಂದಷ್ಟೇ ಇತ್ತು. ಶಶಿಕಿರಣ ನಕ್ಕ. "ಆ ಕಂಪನಿಗಳಲ್ಲಿ ಕಲಾ ವಿಭಾಗ ಅಂದ್ರೆ ಒಂದು ಮೇಜು, ಅಷ್ಟೇ. ಬರೆದವರು ಹೊರಗಿನವರು. ಸಾಮಾನ್ಯವಾಗಿ ಬಲಗಡೆ ಕೆಳಗಿನ ಮೂಲೆಯಲ್ಲಿ ಒಂದು ಸಹಿ ಹಾಕಿರ್ತಾರೆ, ಅದ್ರಿಂದ ಹಿಡೀಬಹುದು. ಆದ್ರೆ..." ಅಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿದ.

ಬಲಗಡೆ ಕೆಳಗಿನ ಮೂಲೆಯಲ್ಲಿ ಲೈಬ್ರರಿಯ ನಂಬರ್ ಚೀಟಿ ಕೂತಿತ್ತು. ಮುಂದಿನದರ ಮೇಲೂ ಅಲ್ಲೇ. ಇಡೀ ಸಾಲಿನಲ್ಲಿ ಅಲ್ಲೇ. ಚೀಟಿಗಳೆಲ್ಲ ಒಂದೇ ಸಮ ಕಾಣಬೇಕೆಂದು ಅಪ್ಪನ ಕಟ್ಟುನಿಟ್ಟು, ಒಂದಿಷ್ಟೂ ಮೇಲೆ ಕೆಳಗೆ ಆಗಕೂಡದು. ಅಂಟಿಸುತ್ತಿದ್ದವಳು ಸ್ವತಃ ಅಂಬುಜಾಕ್ಷಿ, ಸ್ಕೇಲು ಇಟ್ಟು ಅಳೆದು, ಅಡಿಯಲ್ಲೇನಿದೆಯೆಂದು ಒಮ್ಮೆಯೂ ನೋಡದೆ.

"ಇರಲಿ ಬಿಡಿ," ಅಂದ ಶಶಿಕಿರಣ, ಪಾಪ, ಅವಳ ಮುಖ ನೋಡಿ. "ಸಿಗದಿದ್ರೆ 'ಅಜ್ಞಾತ ಕಲಾವಿದ' ಅಂತ ಹಾಕಿದ್ರಾಯ್ತು. ಯುಗಾದಿ ಆದ್ಮೇಲೆ ಬಂದು ತಗೊಂಡು ಹೋಗ್ತೇನೆ."

ಅವಳು ಒಪ್ಪಿಕೊಂಡಳು. ಅಡ್ಡಗದ್ದೆಯ ಅಟ್ಟಕ್ಕೆ ಹಾಕಿದರೆ ಗೆದ್ದಲು ತಿನ್ನುವುದು ಖಂಡಿತ, ಇವನಾದರೆ ಜೋಪಾನ ಮಾಡುತ್ತಾನೆ. ಆದರೆ ಅವನು ಹೋದ ಮೇಲೆ 'ಅಜ್ಞಾತ' ಎಂಬ ಮಾತು ಅವಳನ್ನು ಬಿಡದೆ ಕೊರೆಯತೊಡಗಿತು. ಇಷ್ಟು ವರ್ಷ ಜೊತೆಗಿದ್ದದ್ದನ್ನು ಕಳಿಸಿಕೊಡುವ ಮೊದಲು ಒಂದೇ ಒಂದು ವಿಷಯ ಅವಳಿಗೆ ಗೊತ್ತಾಗಬೇಕಿತ್ತು. ಇವಳನ್ನು ಬರೆದವರು ಯಾರು? ತಾನು ಅಂದುಕೊಂಡದ್ದು ಅವರಿಗೆ ನಿಜವಾಗಿ ಗೊತ್ತಿತ್ತೋ, ಇಲ್ಲ ತಾನೊಬ್ಬಳೇ ಕೂತು ಏನೇನೋ ಕಟ್ಟಿಕೊಂಡಳೋ? ಎರಡನೆಯದೇ ನಿಜವಾದರೆ ಜೀವನದಲ್ಲಿ ತನಗೆ ಜೊತೆ ಅಂತ ಇದ್ದದ್ದೂ ಸುಳ್ಳು. ಅದನ್ನು ನೆನೆದರೆ ಅವಳಿಗೆ ಹೆದರಿಕೆಯಾಗುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ಸ್ಟವ್ ಹಚ್ಚಿ ಪಾತ್ರೆಯಲ್ಲಿ ನೀರು ಕಾಯಿಸಿ ಚೀಟಿಗೆ ಹಬೆ ಹಿಡಿದಳು. ಚೀಟಿ ಜಪ್ಪಯ್ಯ ಅನ್ನಲಿಲ್ಲ. ಮೈದಾಹಿಟ್ಟಿನ ಅಂಟಿಗೆ ತೋಟಕ್ಕೆ ಹೊಡೆಯುವ ಮೈಲುತುತ್ತವನ್ನು ಒಂದು ಚಿಟಿಕೆ ಹಾಕಿದರೆ ಹುಳ ಹತ್ತುವುದಿಲ್ಲವೆಂದು ಅಪ್ಪ ಕಲಿಸಿದ್ದ. ಅಳತೆಯಲ್ಲಿ ಅವಳ ಕೈ ಯಾವಾಗಲೂ ಧಾರಾಳ. ಹುಳ ಹತ್ತಿರಲಿಲ್ಲ ನಿಜ, ಈಗ ಅವಳ ಉಗುರೂ ಹತ್ತಲಿಲ್ಲ. ಒದ್ದೆ ಬಟ್ಟೆ ಹೊದಿಸಿಟ್ಟು, ಕಾದು, ಮತ್ತೆ ಹಬೆ ಹಿಡಿದು, ತನ್ನ ಅಚ್ಚುಕಟ್ಟಿಗೆ ತಾನೇ ಶಾಪ ಹಾಕುತ್ತ ಮಧ್ಯಾಹ್ನದವರೆಗೆ ಕೂತಳು. ಊಟದ ಹೊತ್ತಿಗೆ ಮೊದಲ ಚೀಟಿ ಬಿಟ್ಟಿತು.

ಅಡಿಯಲ್ಲಿ ಬೆಳಕು ಕಾಣದೆ ಉಳಿದಿದ್ದ ಬಣ್ಣ ಇನ್ನೂ ಹೊಸದಾಗಿತ್ತು. ಕೆಂಪು ನೆಲದ ಮೇಲೆ, ಅಕ್ಕಿಕಾಳಿನಷ್ಟು ಚಿಕ್ಕದಾಗಿ, ಒಂದು ಏಣಿ. ಹೆಸರಿಲ್ಲ, ಅಕ್ಷರವಿಲ್ಲ, ಬರೀ ಏಣಿ. ಎರಡನೆಯ ಪುಸ್ತಕದಲ್ಲೂ ಏಣಿ. ಮೂರನೆಯದರಲ್ಲಿ ಚೀಟಿಯ ಜೊತೆ ಮೂಲೆಯೇ ಕಿತ್ತುಬಂತು, ನಾಲ್ಕನೆಯದರಲ್ಲಿ ಮತ್ತೆ ಏಣಿ. ಎಲ್ಲ ಒಬ್ಬರದೇ ಕೈ. ಒಬ್ಬ ಮನುಷ್ಯ ಇದ್ದ, ತಾನು ಬರೆದೆ ಎಂದು ಅವನು ಗುರುತು ಹಾಕಿದ್ದ, ಅದನ್ನು ಅಂಬುಜಾಕ್ಷಿ ಸ್ಕೇಲು ಹಿಡಿದು ಮುಚ್ಚಿಹಾಕಿದ್ದಳು. ಅವಳು ಸ್ಟವ್ ಆರಿಸುವುದನ್ನೂ ಮರೆತು ಕೂತಳು.

ಆ ಏಣಿಯನ್ನು ಎಲ್ಲೋ ನೋಡಿದ್ದೇನೆ ಎಂಬುದು ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಎಲ್ಲೆಂದು ಹೊಳೆದದ್ದು ಮುಂದಿನ ವಾರ, ರಾಗಿ ಬೀಸಿಸಲು ಸುಬ್ಬಮ್ಮನ ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುತ್ತಿದ್ದಾಗ. ಗಿರಣಿಯ ಬಾಗಿಲ ಮೇಲಿನ ಹಳೆಯ ತಗಡಿನ ಬೋರ್ಡಿನ ಬಲಮೂಲೆಯಲ್ಲಿ, ಹಿಟ್ಟಿನ ಧೂಳಿನಡಿ, ಅದೇ ಏಣಿ. ಅವಳು ಅದರ ಕೆಳಗೆ ಅದೆಷ್ಟು ಸಲ ನಿಂತಿದ್ದಳೋ.

"ಸುಬ್ಬಮ್ಮ, ಈ ಬೋರ್ಡು ಯಾರು ಬರ್ದದ್ದು?"

"ಬೋರ್ಡಾ?" ಸುಬ್ಬಮ್ಮ ಯಂತ್ರದ ಗಲಾಟೆಯ ಮೇಲೆ ಕೂಗಿದಳು. "ಪುರದ ಪರಮಶಿವಯ್ಯ. ನಮ್ಮನೆಯವ್ರು ಇದ್ದಾಗ ಬರ್ಸಿದ್ದು. ನಿಂಗೆ ಎಂತಕ್ಕೆ ಮಾರಾಯ್ತಿ, ಮುಚ್ಚೋ ಅಂಗಡಿಗೆ ಬೋರ್ಡು ಬರ್ಸ್ತೀಯ?"

"ಇದ್ದಾರಾ ಅವ್ರು?"

"ಇರ್ಬೇಕು, ಮೊನ್ನೆ ಮೊನ್ನೆ ಕಂಡಿದ್ರು. ಪುರದ ಬಸ್ ಸ್ಟ್ಯಾಂಡ್ ಹಿಂದೆ, ಹಳೇ ಸಾಮಿಲ್ ಪಕ್ಕದ ಕೋಣೆ. ಮನೆ ಮಕ್ಕಳು ಎಂತ ಇಲ್ಲ ಪಾಪ, ಒಂಟಿ ಜೀವ."

ರಾಗಿಹಿಟ್ಟನ್ನು ಅಲ್ಲೇ ಬಿಟ್ಟು ಬಂದಳೆಂದು ಸುಬ್ಬಮ್ಮ ಆಮೇಲೆ ಊರಿಗೆಲ್ಲ ಹೇಳಿದಳು. ಅಷ್ಟೊಂದು ಆಗಿರಲಿಲ್ಲ. ಹಿಟ್ಟು ಮನೆಗೆ ತಂದಿಟ್ಟು, ಸೀರೆ ಬದಲಿಸಿ, ಮೊದಲನೆಯ ಪುಸ್ತಕವನ್ನು ಟವಲಿನಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡೇ ಅಂಬುಜಾಕ್ಷಿ ನರಸಿಂಹರಾಜಪುರದ ಬಸ್ಸು ಹತ್ತಿದ್ದು. ಇಲ್ಲಿಯವರಿಗೆ ಆ ಊರು ಬರೀ ಪುರ. ಕಿಟಕಿ ಪಕ್ಕ ಕೂತು ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಬಸ್ಸಿಳಿಯುವ ಹೊತ್ತಿಗೆ ಜೋಡಿಸಿದ್ದೆಲ್ಲ ಮರೆತುಹೋಗಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಮರ ಕೊಯ್ಯುವ ಸಾಮಿಲ್ ನಿಂತು ಯಾವ ಕಾಲವಾಗಿತ್ತೋ, ಅದರ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಹೊರಗಿನ ಗೋಡೆಗೆ ಒಂದು ಬಿದಿರಿನ ಏಣಿ ಒರಗಿತ್ತು, ಮೆಟ್ಟಿಲುಗಳ ಮೇಲೆಲ್ಲ ಬಣ್ಣದ ಹನಿ. ಒಳಗೆ ಚಾಪೆಯ ಮೇಲೆ ಕೂತಿದ್ದ ಬಡಕಲು ಮುದುಕರು ಬಾಗಿಲ ಕಡೆ ನೋಡಿ, "ಯಾರು? ಒಳಗೆ ಬನ್ನಿ, ಬಾಗ್ಲಲ್ಲಿ ನಿಂತ್ರೆ ಬೆಳಕು ಹೋಗ್ತದೆ" ಅಂದರು.

ಅವಳು ಎದುರಿಗೆ ಕೂತು ಟವಲು ಬಿಚ್ಚಿ ಪುಸ್ತಕ ಕೈಗಿಟ್ಟಳು. ಪರಮಶಿವಯ್ಯ ಅದನ್ನು ಮೂಗಿಗೆ ಹಿಡಿದರು, ತೋಳುದ್ದ ಹಿಡಿದರು, ತಲೆಯಾಡಿಸಿದರು.

"ಕಣ್ಣಿನ ಪೊರೆ ತೆಗ್ಸಿದ ಮೇಲೆ ದೂರದ್ದು ಚೊಕ್ಕ ಕಾಣ್ತದೆ ಅಮ್ಮ, ಹತ್ರದ್ದು ಎಲ್ಲ ಮಸುಕು. ಅದಕ್ಕೊಂದು ಕನ್ನಡಕ ಕೊಟ್ಟಿದ್ರು, ಮೇಲೆ ಕೂತು ಒಡ್ದುಹಾಕಿದೆ. ಒಂದು ಕೆಲ್ಸ ಮಾಡಿ. ಅದನ್ನ ತಗೊಂಡು ಆಚೆ ರಸ್ತೆಗೆ ಹೋಗಿ ನಿಂತ್ಕೊಳ್ಳಿ."

ಅಂಬುಜಾಕ್ಷಿ ಯಾರು ಹೇಳಿದ ಮಾತನ್ನೂ ಸಲೀಸಾಗಿ ಕೇಳಿದವಳಲ್ಲ. ಆದರೂ ಎದ್ದು ಹೋಗಿ, ರಸ್ತೆಯ ಆಚೆ ಬದಿ ನಿಂತು, ಪುಸ್ತಕವನ್ನು ಮುಖದ ಮುಂದೆ ಎತ್ತಿ ಹಿಡಿದಳು. ದಾರಿಯಲ್ಲಿ ಹೋಗುವವರು ನೋಡುತ್ತಿದ್ದರೆಂದು ಮೈಯೆಲ್ಲ ಮುದುಡಿತು. ಮುದುಕರು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ನನ್ದೇ," ಅಂದರು. ಅವಳು ಮರಳಿ ಒಳಗೆ ಬಂದು ಕೂತ ಮೇಲೆ ಇನ್ನೊಮ್ಮೆ, "ನನ್ದೇ ಮಾರಾಯ್ರೆ. ಆ ಹಿಂದಿರೋ ರಾಕೆಟ್ಟು ನೋಡಿ, ಗಿರಣೀಲಿ ಕಾಳು ಸುರಿಯೋ ಹಾಪರ್ ತಲೆಕೆಳಗು ಮಾಡಿದ್ದು. ರಾಕೆಟ್ಟು ಯಾವನು ಕಂಡಿದ್ದ?" ಅಂದು ನಗತೊಡಗಿದರು.

ಪ್ರಾಯದಲ್ಲಿ ಬೆಂಗಳೂರಿಗೆ ಹೋಗಿ ಸಿನಿಮಾ ಬೋರ್ಡು ಬರೆಯುವವರ ಹತ್ತಿರ ಇದ್ದರಂತೆ. ಅಲ್ಲಿ ಪುಸ್ತಕದ ಕಂಪನಿಯವನೊಬ್ಬನ ಪರಿಚಯ. ಊರಿಗೆ ವಾಪಸು ಬಂದ ಮೇಲೂ ಅವನು ಕಾರ್ಡು ಹಾಕುತ್ತಿದ್ದ, ಒಂದು ಗ್ರಹ, ಒಂದು ಹೆಣ್ಣು, ಬೇಗ ಬೇಕು ಅಂತ. ಇವರು ಬೋರ್ಡಿನ ಕೆಲಸ ಮುಗಿಸಿ ಬಂದು ಬರೆದು ಅಂಚೆಗೆ ಹಾಕುತ್ತಿದ್ದರು. ಅಚ್ಚಾದ ಪುಸ್ತಕ ಕಳಿಸುತ್ತೇವೆ ಅಂದವರು ಒಂದನ್ನೂ ಕಳಿಸಲಿಲ್ಲ.

"ಕೊಪ್ಪದ ಲೈಬ್ರರೀಲಿ ಇದಾವೆ ಅಂತ ಯಾರೋ ಹೇಳಿದ್ರು. ನೋಡ್ಕಂಡು ಬರುವ ಅಂತ ಒಂದ್ಸಲ ಬಂದಿದ್ದೆ. ನೋಡಿದ್ರೆ ನನ್ನ ಏಣಿ ಮೇಲೆಲ್ಲ ಚೀಟಿ! ಬರ್ದವ್ನು ನಾನೇ ಅಂತ ಹೇಳುವ ಅಂದ್ರೆ ಗುರುತೇ ಇಲ್ಲ. ಕೌಂಟರಲ್ಲಿ ಒಬ್ಳು ಹುಡ್ಗಿ ಯಾರಿಗೋ ಎಗ್ಗಿಲ್ದೆ ಬೈತಾ ಇದ್ಲು. ಹೆದ್ರಿ ವಾಪಸು ಬಂದೆ."

"ಅದು ನಾನೇ," ಅಂದಳು ಅಂಬುಜಾಕ್ಷಿ. "ಚೀಟಿ ಅಂಟಿಸಿದ್ದೂ ನಾನೇ."

ಪರಮಶಿವಯ್ಯ ಅವಳ ಕಡೆ ಕಣ್ಣು ಕಿರಿದು ಮಾಡಿ ನೋಡಿದರು, ಏನೂ ಕಂಡಂತಿರಲಿಲ್ಲ. "ಒಳ್ಳೆ ಗಟ್ಟಿ ಅಂಟು ಅಮ್ಮ. ನಾನು ಉಗುರು ಹಾಕಿ ನೋಡಿದ್ದೆ. ಎಂತ ಹಾಕ್ತಿದ್ರಿ ಅದಕ್ಕೆ?"

"ಮೈದಾ. ಮೈಲುತುತ್ತ."

"ಹಾಂ, ಅದೇ ಮತ್ತೆ!" ಅಂದರು, ಬಹಳ ದಿನದ ಸಂಶಯ ತೀರಿದವರ ಹಾಗೆ.

ಆಮೇಲೆ ಅವಳು ಬಂದ ವಿಷಯ ಕೇಳಿದಳು. "ಇವಳು ಯಾಕೆ ಯಾವಾಗ್ಲೂ ಬೆನ್ನು ಹಾಕಿ ನಿಂತಿರ್ತಾಳೆ?"

"ನಂಗೆ ಮುಖ ಬರೀಲಿಕ್ಕೆ ಬರ್ತಿರ್ಲಿಲ್ಲ," ಅಂದರು ಪರಮಶಿವಯ್ಯ.

ಅಷ್ಟೇ. ಅವಳು ಇನ್ನೇನಾದರೂ ಬರುತ್ತದೆಯೇ ಎಂದು ಕಾದಳು. ಅವರು ಎಲೆಯಡಿಕೆಯ ಡಬ್ಬಿ ತಡಕುತ್ತಿದ್ದರು. ಲಂಗ ದಾವಣಿಯ ಕಾಲದಿಂದ ಜೊತೆಗಿದ್ದವಳು, ಬೇಜಾರಾದಾಗಲೆಲ್ಲ ಕೌಂಟರಿನ ಮೇಲೆ ಬಂದು ನಿಲ್ಲುತ್ತಿದ್ದವಳು, ಅವಳ ಒಂಟಿತನವೆಲ್ಲ ಒಬ್ಬ ಬೋರ್ಡು ಬರೆಯುವವನಿಗೆ ಮೂಗು ಬಾಯಿ ತಿದ್ದಲು ಬಾರದ್ದರಿಂದ ಆದದ್ದು! ಬೇರೆಯವರ ವಿಷಯದಲ್ಲಾಗಿದ್ದರೆ ಅಂಬುಜಾಕ್ಷಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಟವಲು ಮಡಚತೊಡಗಿದಳು.

ಮುದುಕರು ಎಲೆಗೆ ಸುಣ್ಣ ಹಚ್ಚುತ್ತ ತಮ್ಮಷ್ಟಕ್ಕೆ ಹೇಳುತ್ತಿದ್ದರು. "ಕಲೀಬಹುದಿತ್ತು. ಆದ್ರೆ ಮುಖ ಕಲೀಬೇಕಂದ್ರೆ ಒಬ್ರು ಎದುರಿಗೆ ಕೂತ್ಕೋಬೇಕಲ್ಲ ಅಮ್ಮ. ಅಬ್ಬೆ ನಾನು ಸಣ್ಣವ್ನಿರುವಾಗ್ಲೇ ಹೋದ್ಲು. ಮದ್ವೆ ಅಂತ ಆಗ್ಲಿಲ್ಲ. ನನ್ನ ಎದುರು ಯಾರು ಕೂತ್ಕೊಳ್ತಾರೆ? ರಸ್ತೇಲಿ ಬರೋ ಹೆಂಗಸ್ರ ಮುಖ ದಿಟ್ಟಿಸಿದ್ರೆ ಏಣಿ ಸಮೇತ ಕೆಡವ್ತಾರೆ. ಹೋಗೋರ ಬೆನ್ನು ನೋಡಿದ್ರೆ ಯಾರೂ ಎಂತದೂ ಅನ್ನೂದಿಲ್ಲ. ಬಸ್ಸಿಗೆ ಹೋಗೋರು, ಹೊಳೆಗೆ ಹೋಗೋರು, ಜಡೆ, ಹೂವು. ಏಣಿ ಮೇಲೆ ನಿಂತ್ಕೊಂಡು ನಾನು ನೋಡಿದ್ದೆಲ್ಲ ಹೋಗೋರ ಬೆನ್ನೇ. ಅದನ್ನೇ ಬರ್ದೆ."

ಟವಲು ಮಡಚುತ್ತಿದ್ದ ಅವಳ ಕೈ ನಿಂತಿತು.

ತಾನು ತಪ್ಪು ತಿಳಿದಿರಲಿಲ್ಲ. ಒಂಟಿ ಯಾರು ಎಂಬುದೊಂದನ್ನು ಮಾತ್ರ ತಪ್ಪಾಗಿ ತಿಳಿದಿದ್ದಳು. ಚಿತ್ರದೊಳಗಿನ ಹೆಂಗಸಲ್ಲ, ಅವಳು ಹೋಗುವುದನ್ನು ನೋಡುತ್ತ ನಿಂತವನು. ಕೊಪ್ಪದ ಕೌಂಟರಿನಿಂದ ಪುರದ ಈ ಕೋಣೆಗೆ ಒಂದು ಬಸ್ಸಿನ ದಾರಿ, ಅಷ್ಟೇ. ಇಬ್ಬರೂ ಇಷ್ಟು ವರ್ಷ ಅದೇ ಒಬ್ಬಳ ಬೆನ್ನು ನೋಡುತ್ತ ಕೂತಿದ್ದರು. ಇದನ್ನು ಅವರಿಗೆ ಹೇಳಬೇಕೆಂದು ಅವಳಿಗೆ ಬಹಳ ಅನ್ನಿಸಿತು. ಆದರೆ ಬೈಯಲು ಬರುವಷ್ಟು ಚೆನ್ನಾಗಿ ಇಂಥದ್ದೆಲ್ಲ ಹೇಳಲು ಅವಳಿಗೆ ಬರುತ್ತಿರಲಿಲ್ಲ.

"ಶಿವಮೊಗ್ಗದಲ್ಲಿ ಇದನ್ನೆಲ್ಲ ಪ್ರದರ್ಶನಕ್ಕಿಡ್ತಾರಂತೆ," ಅಂದಳು. "ನಿಮ್ಮ ಹೆಸ್ರು ಹಾಕಿಸ್ತೇನೆ. ಪರಮಶಿವಯ್ಯ, ನರಸಿಂಹರಾಜಪುರ ಅಂತ."

"ಹೆಸ್ರು ಎಂತಕ್ಕೆ? ಏಣಿ ಕಂಡ್ರೆ ಸಾಕು."

"ಕಾಣ್ತದೆ. ಚೀಟಿ ಎಲ್ಲ ತೆಗ್ದಿದ್ದೇನೆ." ಮೂಲೆ ಕಿತ್ತುಬಂದದ್ದರ ಸುದ್ದಿ ಅವಳು ಎತ್ತಲಿಲ್ಲ. ಟವಲು ಮಾತ್ರ ಚೀಲಕ್ಕೆ ಹಾಕಿಕೊಂಡು, ಪುಸ್ತಕವನ್ನು ಅವರ ಚಾಪೆಯ ಎದುರಿನ ಗೋಡೆಯ ಗೂಡಿನಲ್ಲಿ, ಕೂತಲ್ಲಿಂದ ಆದಷ್ಟು ದೂರಕ್ಕೆ, ನೆಟ್ಟಗೆ ನಿಲ್ಲಿಸಿದಳು. "ಇಲ್ಲಿಟ್ರೆ ಕಾಣ್ತದಾ?"

"ಕಾಣ್ತದೆ, ಕಾಣ್ತದೆ. ಆದ್ರೆ ಅದು ನಿಮ್ಮ ಲೈಬ್ರರಿದಲ್ದಾ?"

"ವಾಪಸು ಕೊಡೂದು ಬೇಡ," ಅಂದಳು. ಹಾಗೆ ಅವಳು ಇನ್ನೊಬ್ಬರಿಗೆ ಅಂದದ್ದು ಅದೇ ಮೊದಲು.

ಪರಮಶಿವಯ್ಯ ಬಾಗಿಲವರೆಗೆ ಬಂದರು. ನಿಮ್ಮ ಮುಖ ಸರಿಯಾಗಿ ಕಾಣಲೇ ಇಲ್ಲ ಅಮ್ಮ, ಬೇಜಾರು ಮಾಡ್ಕೋಬೇಡಿ, ಅಂದರು. ಅವಳು ಬರುತ್ತೇನೆಂದು ಹೇಳಿ ಹೊರಟಳು. ಬಸ್ ಸ್ಟ್ಯಾಂಡಿನ ಕಡೆಯಿಂದ ಕಂಡಕ್ಟರು ಕೊಪ್ಪ ಕೊಪ್ಪ ಎಂದು ಕೂಗುವುದು ಕೇಳುತ್ತಿತ್ತು. ಸಾಮಿಲಿನ ಗೋಡೆ ಮುಗಿಯುವವರೆಗೆ ನಡೆದಳು. ಮುದುಕರು ಇನ್ನೂ ಬಾಗಿಲಲ್ಲೇ ನಿಂತು ತನ್ನ ಬೆನ್ನು ನೋಡುತ್ತಿದ್ದಾರೆಂದು ಅವಳಿಗೆ ತಿರುಗಿ ನೋಡದೆಯೇ ಗೊತ್ತಿತ್ತು.

ಅಲ್ಲಿ, ರಸ್ತೆಯ ಮಧ್ಯೆ, ಅಂಬುಜಾಕ್ಷಿ ಹಿಂದಕ್ಕೆ ತಿರುಗಿದಳು. ಚೀಲವನ್ನು ಕಾಲ ಬಳಿ ಇಟ್ಟಳು. ಬಿಸಿಲಿಗೆ ಅಡ್ಡವಾಗಿದ್ದ ಸೆರಗನ್ನು ತಲೆಯಿಂದ ಸರಿಸಿ, ಅವರ ಕಡೆಗೆ ಮುಖ ಮಾಡಿ ಸುಮ್ಮನೆ ನಿಂತಳು. ದೂರದಲ್ಲಿ ಪರಮಶಿವಯ್ಯ ಹಣೆಗೆ ಕೈ ಅಡ್ಡ ಹಿಡಿದರು. ಕಂಡಕ್ಟರು ಎರಡು ಸಲ ಕೂಗಿದ, ಡ್ರೈವರು ಹಾರ್ನು ಹೊಡೆದ, ಕೊನೆಗೆ ಬಸ್ಸು ಅವಳನ್ನು ಬಿಟ್ಟೇ ಹೋಯಿತು. ಅವಳು ಕದಲಲಿಲ್ಲ.